ಎಡಗಡೆಯವರನ್ನು ಕಚ್ಚತಕ್ಕದ್ದು

‘ಅಪ್ಪಾ, ಮಲಗಿರೋರು ವೋಟು ಹಾಕಬಹುದಾ?’

2012ರ ಮಳೆಗಾಲದ ಒಂದು ರಾತ್ರಿ. ಮಜ್ಜಿಗೆ ಅನ್ನಕ್ಕೆ ಮಾವಿನ ಮಿಡಿ ಕಚ್ಚಿಕೊಳ್ಳುತ್ತಿದ್ದಾಗ ನಡುಮನೆಯಿಂದ ಮಗನ ಈ ಪ್ರಶ್ನೆ ತೂರಿಬಂತು.

‘ಮಲಗಿದ್ದಾರೋ, ಸತ್ತಿದ್ದಾರೋ? ಸರಿಯಾಗಿ ಹೇಳು’ ಎಂದೆ.

‘ಸತ್ತಿರೋದು ಎಲ್ಲರೂ ಸತ್ತಿದ್ದಾರಪ್ಪ. ಇವನು ಮಲಗಿದ್ದಾನೆ, ಅಷ್ಟೆ.’

‘ರೀ, ಅನ್ನದ ಮುಂದೆ ಕೂತು ಇದೆಂಥ ಮಾತು, ರಾಮ ರಾಮ’ ಎಂದು ಅಡುಗೆಮನೆಯಿಂದ ಹೆಂಡತಿ. ನಾನು ಎಡಗೈಗೆ ನಿಯಮಪುಸ್ತಕ ತರಿಸಿಕೊಂಡೆ. ಸಾಸಿವೆಯಷ್ಟು ಸಣ್ಣ ಅಕ್ಷರ. ಕನ್ನಡಕವನ್ನು ಹಣೆಗೇರಿಸಿ, ಪುಸ್ತಕವನ್ನು ಮೂಗಿಗೆ ತಾಗಿಸಿ ಓದಿ ತೀರ್ಪು ಕೊಟ್ಟೆ. ಎದ್ದು ಕೂತಿರುವ ರಕ್ತಪಿಶಾಚಿಗೆ ಮಾತ್ರ ಮತವುಂಟು. ಪೆಟ್ಟು ತಿಂದು ಜಡನಿದ್ರೆಗೆ ಜಾರಿದವನಿಗೆ ಇಲ್ಲ. ನಡುಮನೆಯಲ್ಲಿ ಒಬ್ಬರ ಜಯಘೋಷ, ಉಳಿದವರ ಗೊಣಗಾಟ. ‘ನಮ್ಮ ವಾರ್ಡಿನಲ್ಲಾಗಿದ್ದರೆ ಹಾಕಬಹುದಿತ್ತು’ ಎಂದು ಹೆಂಡತಿ ಹುಳಿಯ ಪಾತ್ರೆಗೆ ಮುಚ್ಚಳ ಹಾಕಿದಳು.

ಆ ಮಕ್ಕಳು ನನ್ನನ್ನೇ ನ್ಯಾಯಾಧೀಶನನ್ನಾಗಿ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರಿ ಕಚೇರಿಯೊಂದರಲ್ಲಿ ಸುತ್ತೋಲೆ ಬರೆದವನು ನಾನು. ಮೇಲ್ಕಂಡ, ಸದರಿ, ಭಾಗಶಃ ಮಾರ್ಪಡಿಸಿ, ತಕ್ಕದ್ದು, ತಕ್ಕದ್ದಲ್ಲ ಎಂಬ ಪದಗಳೇ ನನ್ನ ಅನ್ನ. ಒಂದು ಸ್ಪಷ್ಟೀಕರಣ ಹೊರಟರೆ ಎರಡು ಸಂದೇಹ ಬರುತ್ತಿದ್ದವು, ಎರಡಕ್ಕೂ ಉತ್ತರಿಸಿದರೆ ಐದು. ನಿವೃತ್ತಿಯ ತನಕ ಕೆಲಸಕ್ಕೆ ಬರವಿಲ್ಲದ ವಿದ್ಯೆ. ಆದರೆ ಮನೆಯಲ್ಲಿ ಅದಕ್ಕೆ ಮೂರು ಕಾಸಿನ ಬೆಲೆಯಿರಲಿಲ್ಲ. ರಕ್ತಪಿಶಾಚಿಗಳು ಬಂದ ಮೇಲೆಯೇ ಬೆಲೆ ಬಂದದ್ದು.

ಅವು ಬಂದದ್ದು ನ್ಯೂಜೆರ್ಸಿಯಿಂದ. 2011ರಲ್ಲಿ ತಂಗಿ ಊರಿಗೆ ಬಂದಾಗ ಬಾದಾಮಿ, ಚಾಕೊಲೇಟು, ಯಾರಿಗೂ ಹಿಡಿಸದ ಶರ್ಟುಗಳ ಜೊತೆಗೆ ತನ್ನ ಮಗ ಆಡಿ ಬಿಟ್ಟ ಕಾರ್ಡುಗಳ ಒಂದು ಶೂ ಪೆಟ್ಟಿಗೆಯನ್ನೂ ತಂದಳು. ‘ಎಸೆಯೋಕೆ ಮನಸ್ಸು ಬರಲಿಲ್ಲ ಕಣೋ’ ಎಂದಳು. ತೆರೆದರೆ ಸಾವಿರಕ್ಕೂ ಹೆಚ್ಚು ಎಲೆಗಳು, ಒಂದೊಂದರ ಮೇಲೂ ಬಿಳಿಚಿದ ಮುಖದ ಗಂಡಸರು, ಹೆಂಗಸರು. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ 1994ರಲ್ಲಿ ಹೊಸೆದ ಆಟವಂತೆ. ಅದಕ್ಕೂ ಹಿಂದಿನ ವರ್ಷವೇ ಆತ ‘ಮ್ಯಾಜಿಕ್’ ಎಂಬ ಕಾರ್ಡಾಟ ಹೂಡಿ, ಮಕ್ಕಳು ಎಲೆಗಳನ್ನು ಕೊಂಡು, ಕೂಡಿಟ್ಟು, ವಿನಿಮಯ ಮಾಡಿಕೊಳ್ಳುವ ಹೊಸ ಹುಚ್ಚನ್ನು ಲೋಕಕ್ಕೆ ಹಚ್ಚಿದ್ದ. ಪಿಶಾಚಿಗಳ ಆಟಕ್ಕೆ ಮೊದಲಿದ್ದ ಹೆಸರು ‘ಜಿಹಾದ್’. ಮರುವರ್ಷವೇ ಅದನ್ನು ಬದಲಿಸಿ ‘ವ್ಯಾಂಪೈರ್: ದಿ ಎಟರ್ನಲ್ ಸ್ಟ್ರಗಲ್’ ಎಂದು ಕರೆದರು. ನಮ್ಮ ಪೆಟ್ಟಿಗೆಯಲ್ಲಿ ಎರಡೂ ಕಾಲದ ಎಲೆಗಳು ಬೆರೆತಿದ್ದವು. ಹಳೆಯದರ ಬೆನ್ನೇ ಬೇರೆ, ಹೊಸದರ ಬೆನ್ನೇ ಬೇರೆ. ಹೀಗಾಗಿ ಬೆನ್ನು ನೋಡಿಯೇ ಎದುರಿನವರ ಕೈಯಲ್ಲೇನಿದೆ ಎಂದು ಊಹಿಸುವ ಚಾಣಾಕ್ಷರು ಹುಟ್ಟಿಕೊಂಡು, ಅದೇ ನನ್ನ ಮುಂದೆ ಬಂದ ಮೊದಲ ದಾವೆಯಾಯಿತು. ಎಲ್ಲ ಎಲೆಗೂ ಬಟ್ಟೆ ತೊಡಿಸತಕ್ಕದ್ದು ಎಂದು ಆದೇಶಿಸಿದೆ. ಮಕ್ಕಳು ಅಪಾರದರ್ಶಕ ಪ್ಲಾಸ್ಟಿಕ್ ಕವರು ಕತ್ತರಿಸಿ ಹೊಲಿದಂತೆ ಅಂಟಿಸಿ ತೊಡಿಸಿದರು. ಒಂದು ಇಡೀ ದಸರಾ ರಜೆ ಅದಕ್ಕೇ ಹೋಯಿತು.

ಈ ಆಟಕ್ಕೂ ಪಿಶಾಚಿಯದೇ ಜಾತಕ. 1996ರ ನಂತರ ಹೊಸ ಎಲೆ ಬರುವುದು ನಿಂತುಹೋಗಿತ್ತು. 2000ದಲ್ಲಿ ಬೇರೊಬ್ಬರ ಕೈಯಲ್ಲಿ ಎದ್ದು ಕೂತಿತು. 2010ರಲ್ಲಿ ಮತ್ತೆ ಮಲಗಿತು. ನಮ್ಮ ಮನೆಗೆ ಬಂದಾಗ ಅದು ಹಾಗೆ ಮಲಗಿದ್ದ ಕಾಲ. ಎಲ್ಲಿಯೂ ಹೊಸ ಎಲೆ ಸಿಗುತ್ತಿರಲಿಲ್ಲ. ಅದು ಗೊತ್ತಿಲ್ಲದ ಜೆ.ಪಿ. ನಗರದ ಐದು ಮಕ್ಕಳು ಪ್ರತಿ ಶನಿವಾರ ಸಂಜೆ ಅದನ್ನು ಎಬ್ಬಿಸಿ ಕೂರಿಸುತ್ತಿದ್ದರು.

ಆಟದ ಜೀವಾಳ ಒಂದೇ ನಿಯಮದಲ್ಲಿದೆ. ಎಲ್ಲರೂ ದುಂಡಗೆ ಕೂರಬೇಕು. ನಿಮ್ಮ ಎಡಗಡೆ ಕೂತವರು ನಿಮ್ಮ ಬೇಟೆ. ನಿಮ್ಮ ಬಲಗಡೆ ಕೂತವರಿಗೆ ನೀವೇ ಬೇಟೆ. ಪ್ರತಿಯೊಬ್ಬರಿಗೂ ಮೂವತ್ತು ಹನಿ ರಕ್ತದ ನಿಧಿ. ನಿಮ್ಮ ಪಿಶಾಚಿಗಳನ್ನು ಛೂಬಿಟ್ಟು ಎಡಗಡೆಯವರ ರಕ್ತವನ್ನು ಹೀರಿಸುತ್ತಾ, ಬಲಗಡೆಯಿಂದ ಬರುವ ಹಲ್ಲುಗಳನ್ನು ತಡೆಯುತ್ತಾ ಬದುಕಬೇಕು. ಎಡಗಡೆಯವರು ಬರಿದಾದರೆ ನಿಮಗೆ ಒಂದು ಅಂಕ, ಮೇಲೆ ಆರು ಹನಿ ರಕ್ತ. ಎದುರು ಕೂತವರೊಂದಿಗೆ ನೇರ ಜಗಳವಿಲ್ಲ. ಆದ್ದರಿಂದ ಅವರೇ ಸ್ನೇಹಿತರು.

ಮಗ ಇದನ್ನು ಮೊದಲು ವಿವರಿಸಿದಾಗ ನನಗೆ ಒಂದು ಕ್ಷಣವೂ ಹೊಸದೆನಿಸಲಿಲ್ಲ. ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಕೊಂಡ ಯಾರಿಗೂ ಅನಿಸುವುದಿಲ್ಲ. ನಮ್ಮ ಬಲಗಡೆ ಮನೆಯವರ ಸಜ್ಜೆ ಮುಕ್ಕಾಲು ಅಡಿ ನಮ್ಮೊಳಗೆ ಬಂದಿದೆ. ನಮ್ಮ ತಾರಸಿಯ ನೀರಿನ ಕೊಳವೆ ಎಡಗಡೆಯವರ ಗೋಡೆಗೆ ಉಗಿಯುತ್ತದೆ. ಎದುರು ಮನೆಯವರೊಂದಿಗೆ ಮಾತ್ರ ನಲವತ್ತು ವರ್ಷದಿಂದ ಒಬ್ಬಟ್ಟು, ಕರಿಗಡುಬು, ಪತ್ರಿಕೆಯ ಪುರವಣಿ ಎಲ್ಲ ವಿನಿಮಯ. ನಡುವೆ ಮೂವತ್ತು ಅಡಿ ರಸ್ತೆ ಇರುವುದರಿಂದ ಹುಟ್ಟಿದ ಸೌಹಾರ್ದ ಅದು. ಗಣಿತಜ್ಞ ಇದನ್ನೆಲ್ಲ ಅಮೆರಿಕದಲ್ಲಿ ಕೂತು ಹೇಗೆ ಕಂಡುಕೊಂಡನೋ.

ರಕ್ತದ ಹನಿಗಳನ್ನು ಎಣಿಸಲು ಏನಾದರೂ ಬೇಕಿತ್ತು. ಪೆಟ್ಟಿಗೆಯಲ್ಲಿ ಗಾಜಿನ ಮಣಿಗಳಿದ್ದವು, ಅರ್ಧಕ್ಕರ್ಧ ಕಳೆದಿದ್ದವು. ಆಗ ನೆನಪಾದದ್ದು ಅಟ್ಟದ ಮೇಲಿದ್ದ ಅಜ್ಜಿಯ ಡಬ್ಬಿ. ಅವಳ ಕಾಲದ ಬಿಸ್ಕತ್ತಿನ ತಗಡಿನ ಡಬ್ಬಿ, ಒಳಗೆ ನಾಲ್ಕು ಕವಡೆ, ಬಳೆಚೂರುಗಳು, ಒಂದು ಚೀಲದ ತುಂಬ ಗುಲಗಂಜಿ. ಕೆಂಪು ಮೈ, ಕಪ್ಪು ಕಣ್ಣು. ಆರಿಸಿ ಎಣಿಸಿದರೆ ಸರಿಯಾಗಿ ನೂರೈವತ್ತರ ಮೇಲೆ ಕೆಲವು. ಐವರಿಗೆ ಮೂವತ್ತರಂತೆ ಲೆಕ್ಕ ಮುಗಿಯಿತು. ‘ಬಾಯಿಗೆ ಹಾಕಬೇಡಿ, ವಿಷ’ ಎಂದು ಹೆಂಡತಿ ಎಚ್ಚರಿಸಿದಳು. ‘ಆಂಟೀ, ಇದು ರಕ್ತ’ ಎಂದ ಕೆಳಗಿನ ಮನೆಯ ಪುಟ್ಟ, ಅದಕ್ಕಿಂತ ಇದೇನೋ ಸುರಕ್ಷಿತ ಎನ್ನುವಂತೆ.

ಈ ರಕ್ತದ ಲೆಕ್ಕದಲ್ಲಿ ಒಂದು ವಿಚಿತ್ರವಿತ್ತು. ಹೊಸ ಪಿಶಾಚಿಯನ್ನು ಆಟಕ್ಕೆ ತರಬೇಕಾದರೆ ಅದರ ಬೆಲೆಯನ್ನು ನಿಮ್ಮದೇ ನಿಧಿಯಿಂದ ತೆರಬೇಕು. ಒಂದು ಸರದಿಗೆ ನಾಲ್ಕು ಹನಿ ಮೀರುವಂತಿಲ್ಲ. ಬೋರಲು ಬಿದ್ದಿರುವ ಎಲೆಯ ಮೇಲೆ ನಿಮ್ಮ ರಕ್ತವನ್ನು ಎಣಿಸಿ ಎಣಿಸಿ ಇಡುತ್ತಾ ಹೋಗುವುದು. ದೊಡ್ಡ ಪಿಶಾಚಿಯಾದರೆ ಎರಡು, ಮೂರು ಸರದಿ ಕಾಯಬೇಕು. ಬೇಕಾದಷ್ಟು ಕೂಡಿದ ದಿನ ಅದು ಮುಖ ತಿರುಗಿಸಿ, ಕಣ್ಣು ಬಿಟ್ಟು, ಎದ್ದು ಹೊರಡುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಮುಂದೆ ಹತ್ತೋ ಹನ್ನೆರಡೋ ಗುಲಗಂಜಿ ಉಳಿದಿರುತ್ತವೆ. ‘ಇದರಲ್ಲಿ ಬ್ಯಾಲೆನ್ಸ್ ಇಲ್ಲಪ್ಪ, ಕೊಡೋದು ಜಾಸ್ತಿ ಆಯ್ತು’ ಎಂದು ಮಗ ಒಮ್ಮೆ ದೂರು ಕೊಟ್ಟ. ಆಗ ಅವನ ಪಿ.ಯು. ಕಾಲೇಜಿನ ಎರಡನೆಯ ಕಂತಿನ ರಸೀದಿ ನನ್ನ ಜೇಬಿನಲ್ಲಿತ್ತು. ದೂರನ್ನು ತಿರಸ್ಕರಿಸಿದೆ.

ಮತ್ತೊಂದು ನಿಯಮವನ್ನು ಮಾತ್ರ ನಾನು ಬೆಂಗಳೂರಿನ ಉದಾಹರಣೆಯಿಂದಲೇ ಬಗೆಹರಿಸಿದೆ. ಬಹುತೇಕ ಪಿಶಾಚಿಗಳು ಲೋಕಕ್ಕೆ ಒಬ್ಬೊಬ್ಬರೇ. ಅಂಥವನನ್ನು ಇಬ್ಬರು ಆಟಗಾರರು ಒಟ್ಟಿಗೆ ಹೊರತಂದರೆ? ಇಬ್ಬರ ಎಲೆಯೂ ಬೋರಲಾಗುತ್ತದೆ, ಯಾರಿಗೂ ಉಪಯೋಗಕ್ಕಿಲ್ಲ. ಹಕ್ಕು ಉಳಿಸಿಕೊಳ್ಳಲು ಇಬ್ಬರೂ ತಮ್ಮ ಪ್ರತಿ ಸರದಿಗೆ ಒಂದೊಂದು ಹನಿ ರಕ್ತ ತೆರುತ್ತಲೇ ಇರಬೇಕು. ಯಾರಿಗೆ ಸಾಕಾಗುತ್ತದೋ ಅವರು ಬಿಟ್ಟುಕೊಡಬೇಕು. ಮಕ್ಕಳಿಗೆ ಇದು ಅರ್ಥವೇ ಆಗಲಿಲ್ಲ. ‘ಇಬ್ಬರಿಗೂ ಸಿಗಲ್ಲ, ಇಬ್ಬರೂ ದುಡ್ಡು ಕಟ್ಟಬೇಕು, ಇದೇನು ಅಂಕಲ್ ಅನ್ಯಾಯ?’ ಎಂದಳು ಮೇಲಿನ ಮನೆಯ ಹುಡುಗಿ. ನಾನು ಅವರನ್ನು ತಾರಸಿಗೆ ಕರೆದೊಯ್ದು ರಸ್ತೆಯ ಕೊನೆಯ ಖಾಲಿ ಸೈಟನ್ನು ತೋರಿಸಿದೆ. ಒಂದೇ ಸೈಟು, ಎರಡು ಕ್ರಯಪತ್ರ, ಇಬ್ಬರು ಮಾಲೀಕರು. ಬೇಲಿಯೊಳಗೆ ಪಾರ್ಥೇನಿಯಂ, ಒಂದು ಹೊಂಗೆಮರ, ‘ಈ ಸ್ವತ್ತು ನ್ಯಾಯಾಲಯದಲ್ಲಿದೆ’ ಎಂಬ ತುಕ್ಕು ಹಿಡಿದ ಫಲಕ. ಇಬ್ಬರೂ ವಾಯಿದೆಗೆ ಒಂದೊಂದು ಹನಿಯಂತೆ ತೆರುತ್ತಲೇ ಇದ್ದರು. ಮಕ್ಕಳು ಮರುಮಾತಿಲ್ಲದೆ ಇಳಿದು ಬಂದರು.

ನಿಯಮಗಳ ಬಗ್ಗೆ ನನಗೊಂದು ಅನುಮಾನ ಮೊದಲಿನಿಂದಲೂ ಇದೆ. ಅವುಗಳನ್ನು ಮನುಷ್ಯರಿಗಿಂತ ದೆವ್ವಗಳೇ ಶ್ರದ್ಧೆಯಿಂದ ಪಾಲಿಸುತ್ತವೆ. ತೊಂಬತ್ತರ ದಶಕದಲ್ಲಿ ನಮ್ಮ ಸುತ್ತಮುತ್ತಲಿನ ಊರುಗಳ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿದ್ದದ್ದು ನೆನಪಿರಬಹುದು. ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವ ಅದನ್ನು ಓದಿಕೊಂಡು ಹಿಂತಿರುಗುತ್ತಿತ್ತಂತೆ. ಮಾರನೆಯ ರಾತ್ರಿ ಬಂದರೆ ಮತ್ತೆ ‘ನಾಳೆ ಬಾ’. ಅದು ವಾದಿಸಲಿಲ್ಲ, ನಿನ್ನೆ ಹೇಳಿದ ನಾಳೆ ಇವತ್ತೇ ಅಲ್ಲವೇ ಎಂದು ಕೇಳಲಿಲ್ಲ. ಬರೆದದ್ದನ್ನು ಬರೆದಂತೆ ಒಪ್ಪಿಕೊಂಡಿತು. ಕನ್ನಡ ಓದಬಲ್ಲ, ಕಾನೂನು ಮೀರದ ಇಂಥ ದೆವ್ವ ಕಚೇರಿಯಲ್ಲಿ ನನ್ನ ಸಹೋದ್ಯೋಗಿಯಾಗಿರಬಾರದಿತ್ತೇ ಎಂದು ಎಷ್ಟೋ ಸಲ ಅನಿಸಿದೆ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಡ್ರಾಕುಲನೂ ಅಷ್ಟೆ, ಮನೆಯವರು ಯಾರಾದರೂ ಒಳಗೆ ಕರೆಯದೆ ಮೊದಲ ಸಲ ಹೊಸ್ತಿಲು ದಾಟುವಂತಿಲ್ಲ. ನಮ್ಮ ಬೇತಾಳ ರಾಜನ ಮೌನ ಮುರಿದ ತಕ್ಷಣ ನಿಯಮದಂತೆ ಮರಕ್ಕೆ ಹಾರುತ್ತಾನೆ. ಒಂದು ಸಲವಾದರೂ ‘ಇರಲಿ ಬಿಡು, ಸುಸ್ತಾಗಿದ್ದೀಯ’ ಎಂದು ಹೆಗಲ ಮೇಲೇ ಉಳಿಯಬಹುದಿತ್ತು.

ಮನುಷ್ಯರ ಕಥೆ ಹಾಗಲ್ಲ. ಆಟದ ನಿಯಮದ ಬಗ್ಗೆ ಕೇಳಿದ ಪ್ರಶ್ನೆಗಳಲ್ಲೆಲ್ಲ ದೊಡ್ಡದನ್ನು ಕೇಳಿದವಳು ದ್ರೌಪದಿ. ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ಯಾವುದು ಮೊದಲು ಎನ್ನುವ ಪ್ರಶ್ನೆ. ನಮ್ಮ ನಡುಮನೆಯ ಶೇಕಡಾ ತೊಂಬತ್ತು ಜಗಳಗಳೂ ಅದರವೇ. ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಹಕ್ಕುಂಟೆ? ಸಭೆಯಲ್ಲಿ ಅತ್ಯಂತ ಹಿರಿಯ ತೀರ್ಪುಗಾರರಾದ ಭೀಷ್ಮರು ಧರ್ಮ ಸೂಕ್ಷ್ಮವಾದದ್ದು ಎಂದು ಜಾರಿಕೊಂಡರು. ಬಾಯಿಬಿಟ್ಟು ಅನ್ಯಾಯ ಎಂದವನು ದುರ್ಯೋಧನನ ತಮ್ಮಂದಿರಲ್ಲೊಬ್ಬನಾದ ವಿಕರ್ಣ. ಪುಟ್ಟನಂಥ ಹುಡುಗನಿರಬೇಕು. ಕಚೇರಿಯಲ್ಲಿ ‘ವಿಷಯ ಪರಿಶೀಲನೆಯಲ್ಲಿದೆ’ ಎಂದು ಬರೆಯುವಾಗಲೆಲ್ಲ ನನಗೆ ಭೀಷ್ಮರ ನೆನಪಾಗುತ್ತಿತ್ತು. ಆದರೂ ಬರೆಯುತ್ತಿದ್ದೆ.

ನಿಯಮ ಸ್ಪಷ್ಟವಾಗಿದ್ದರೂ ತೂಕ ಸಮವಾಗಿರಬೇಕೆಂದಿಲ್ಲ. ಈ ಆಟದಲ್ಲಿ ಒಂದೇ ಕಾರ್ಡಿನ ಎಷ್ಟು ಪ್ರತಿಯನ್ನಾದರೂ ಕಟ್ಟಿನಲ್ಲಿ ಸೇರಿಸಬಹುದು, ಮಿತಿಯಿಲ್ಲ. ಕಟ್ಟಿನಲ್ಲಿ ಅರವತ್ತರಿಂದ ತೊಂಬತ್ತು ಎಲೆಗಳಿದ್ದರಾಯಿತು. ಇದನ್ನು ಮೊದಲು ಓದಿಕೊಂಡವನು ಹಿಂದಿನ ಅಡ್ಡರಸ್ತೆಯ ಹುಡುಗ. ಪೆಟ್ಟಿಗೆಯಲ್ಲಿದ್ದ ಕಳ್ಳಹೆಜ್ಜೆಯ ಎಲೆಗಳನ್ನೆಲ್ಲ ಬಾಚಿಕೊಂಡು, ಯಾರ ಕೈಗೂ ಸಿಗದಂತೆ ನುಸುಳಿ ನುಸುಳಿ ಕಚ್ಚಿ ಮೂರು ಶನಿವಾರ ಸತತವಾಗಿ ಗೆದ್ದ. ಉಳಿದ ನಾಲ್ವರು ಮೆರವಣಿಗೆಯಲ್ಲಿ ನನ್ನ ಬಳಿ ಬಂದರು. ನಾನು ಸುತ್ತೋಲೆ ಸಂಖ್ಯೆ 1 ಹೊರಡಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ: ಒಂದು ಬಗೆಯ ಎಲೆ ಆರಕ್ಕೆ ಮೀರತಕ್ಕದ್ದಲ್ಲ. ಅದರಿಂದ ತಡೆಯುವ ಎಲೆಗಳಿಗೂ ಮಿತಿ ಬಂದು ಆಟ ಮಂದವಾಯಿತು. ಸುತ್ತೋಲೆ ಸಂಖ್ಯೆ 2, ಸಂಖ್ಯೆ 1ನ್ನು ಭಾಗಶಃ ಮಾರ್ಪಡಿಸಿತು. ಅದನ್ನು ಓದಿ ಯಾರಿಗೂ ಏನೂ ತಿಳಿಯದೆ ಒಂದು ವಾರ ಆಟವೇ ನಿಂತಿತು. ಕೊನೆಗೆ ಬಗೆಹರಿಸಿದವಳು ನನ್ನ ಹೆಂಡತಿ. ‘ಚಕ್ಕುಲಿ ಪಾಲು ಮಾಡೋ ಹಾಗೆ ಮಾಡಿ. ಮುರಿಯೋನು ಒಬ್ಬ, ಆರಿಸೋನು ಇನ್ನೊಬ್ಬ.’ ಅಂದಿನಿಂದ ಒಬ್ಬರು ಜೋಡಿಸಿದ ಕಟ್ಟನ್ನು ಬೇರೆಯವರು ಆಡತೊಡಗಿದರು. ಎಲ್ಲ ಕಟ್ಟುಗಳೂ ಒಂದೇ ವಾರದಲ್ಲಿ ಸಮತೂಕಕ್ಕೆ ಬಂದವು. ನನ್ನ ಮೂವತ್ತು ವರ್ಷದ ಅನುಭವ ಫ್ರಿಜ್ಜಿನ ಬಾಗಿಲ ಮೇಲೆ ಗಾಳಿಗೆ ಅಲ್ಲಾಡುತ್ತಿತ್ತು.

ಸಮತೂಕದ ಜಗಳ ನಮ್ಮ ಮನೆಗೆ ಹೊಸದೇನಲ್ಲ. ಇದೇ ನಡುಮನೆಯಲ್ಲಿ ಎಂಬತ್ತರ ದಶಕದಲ್ಲಿ ನನ್ನಪ್ಪನ ಭಾನುವಾರದ ಇಪ್ಪತ್ತೆಂಟು ನಡೆಯುತ್ತಿತ್ತು. ಅಪ್ಪ ಪುತ್ತೂರು ಕಡೆಯವರು. ಆ ಆಟವನ್ನು ಊರಿಂದ ಕೊಬ್ಬರಿ ಎಣ್ಣೆಯ ಡಬ್ಬದೊಂದಿಗೆ ಹೊತ್ತು ತಂದಿದ್ದರು. ಮೂವತ್ತೆರಡು ಎಲೆ, ನಾಲ್ಕು ಜನ, ಎದುರುಬದುರು ಜೋಡಿ. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು, ಒಟ್ಟು ಇಪ್ಪತ್ತೆಂಟು. ರಾಜ ರಾಣಿಯರಿಗೆ ಸೊನ್ನೆ. ಗುಲಾಮ ರಾಜನನ್ನು ಹೊಡೆಯುವ ಆಟ. ಜಯಪ್ರಕಾಶ ನಾರಾಯಣರ ಹೆಸರಿಟ್ಟ ಬಡಾವಣೆಗೆ ಇದಕ್ಕಿಂತ ಒಪ್ಪುವ ಆಟ ಇನ್ನೊಂದಿರಲಿಲ್ಲ ಎಂದು ಈಗ ಅನಿಸುತ್ತದೆ. ಅಮ್ಮನಿಗೆ ಇಸ್ಪೀಟು ಎಂದರೇ ಆಗದು. ಅಪ್ಪ 1967ರ ಸುಪ್ರೀಂ ಕೋರ್ಟಿನ ತೀರ್ಪನ್ನು ಮುಂದೊಡ್ಡುತ್ತಿದ್ದರು. ರಮ್ಮಿ ಬರೀ ಅದೃಷ್ಟದ ಆಟವಲ್ಲ, ಬಿದ್ದ ಎಲೆಗಳನ್ನು ನೆನಪಿಡುವ ಕೌಶಲ ಬೇಕು ಎಂದಿತ್ತು ನ್ಯಾಯಾಲಯ. ‘ಬಿದ್ದ ಎಲೆ ನೆನಪಿರುತ್ತೆ, ಹಾಲಿನ ಕಾರ್ಡು ನೆನಪಿರಲ್ಲ’ ಎನ್ನುತ್ತಿದ್ದಳು ಅಮ್ಮ. ಅದಕ್ಕೆ ಮೇಲ್ಮನವಿ ಇರಲಿಲ್ಲ.

ಅಪ್ಪನಿಗೂ ಎದುರು ಮನೆಯ ಮೇಷ್ಟ್ರಿಗೂ ಒಂದೇ ವ್ಯಾಜ್ಯ. ತುರುಫಿನ ರಾಜ ರಾಣಿ ಒಂದೇ ಕೈಯಲ್ಲಿದ್ದರೆ ಅದನ್ನು ತೋರಿಸಿ ನಾಲ್ಕು ಪಾಯಿಂಟಿನ ಅನುಕೂಲ ಪಡೆಯಬಹುದು. ಮುಚ್ಚಿಟ್ಟ ತುರುಫು ತೆರೆದ ಮೇಲೆಯೇ ತೋರಿಸಬೇಕು ಎಂದು ಅಪ್ಪ. ಯಾವಾಗ ಬೇಕಾದರೂ ತೋರಿಸಬಹುದು, ಹಾಸನದ ಕಡೆ ಹಾಗೇ ಆಡುವುದು ಎಂದು ಮೇಷ್ಟ್ರು. 1986ರಲ್ಲಿ ಹುಟ್ಟಿದ ಈ ವ್ಯಾಜ್ಯ ಎಷ್ಟೋ ಭಾನುವಾರಗಳ ಕಾಫಿಯನ್ನು ಆರಿಸಿತು, ಒಮ್ಮೆ ಇಬ್ಬರೂ ಎರಡು ತಿಂಗಳು ಮಾತು ಬಿಟ್ಟರು. ಆಗಲೂ ಆಟ ಬಿಡಲಿಲ್ಲ, ‘ಅವರಿಗೆ ಹೇಳು ಹದಿನೇಳು ಅಂತ’ ಎಂದು ನನ್ನ ಮೂಲಕ ಕೇಳಿಸುತ್ತಿದ್ದರು. 2003ರಲ್ಲಿ ಮೇಷ್ಟ್ರು ತೀರಿಕೊಂಡರು. ಹದಿಮೂರನೆಯ ದಿನದ ಊಟ ಮುಗಿಸಿ ಬಂದು ಅಪ್ಪ ಎಲೆಗಳ ಕಟ್ಟನ್ನು ತೆಗೆದು, ಇಸ್ಪೀಟಿನ ರಾಜನನ್ನೂ ರಾಣಿಯನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ‘ಹಾಸನದಲ್ಲಿ ಹಾಗೆ ಇದ್ದರೂ ಇರಬಹುದು’ ಎಂದರು. ಮೂವರಿಂದ ಇಪ್ಪತ್ತೆಂಟು ಆಗುವುದಿಲ್ಲ. ಕಟ್ಟು ಮತ್ತೆ ಬಿಚ್ಚಲಿಲ್ಲ.

ನಿಯಮ ಮಾಡುವವರಿಗೂ ಕೊಂಚ ಕವಿತ್ವ ಇರಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕೂತು ಹೊಸ ಹೊಸ ಗಂಜೀಫ ಆಟಗಳನ್ನೇ ರಚಿಸಿದವರು. 120 ದುಂಡನೆಯ ಎಲೆಗಳ ದಶಾವತಾರ ಗಂಜೀಫದಲ್ಲಿ ಹಗಲು ಆಡಿದರೆ ರಾಮನ ಎಲೆ ಇದ್ದವರು ಮೊದಲು, ರಾತ್ರಿ ಆಡಿದರೆ ಕೃಷ್ಣನ ಎಲೆ ಇದ್ದವರು. ನನ್ನಂಥವನಾಗಿದ್ದರೆ ‘ಹಗಲು ಎಂದರೆ ಬೆಳಿಗ್ಗೆ 6.00ರಿಂದ’ ಎಂದು ಹಾಳು ಮಾಡುತ್ತಿದ್ದೆ.

ಇನ್ನು ಸುತ್ತೋಲೆ ಸಂಖ್ಯೆ 3. ಅದನ್ನು ನೆನೆದರೆ ಈಗಲೂ ಒಂದು ಬಗೆಯ ಇರಿಸುಮುರಿಸು.

ಪುಟ್ಟ ಐವರಲ್ಲಿ ಚಿಕ್ಕವನು, ಆರನೆಯ ಕ್ಲಾಸು. ಪ್ರತಿ ಶನಿವಾರ ಮೊದಲು ಬರಿದಾಗುತ್ತಿದ್ದವನು ಅವನೇ. ಬರಿದಾದವನು ಎದ್ದು ಹೋಗಬೇಕು, ಅವನು ಹೋಗದೆ ಸೋಫಾದ ಕೈಯ ಮೇಲೆ ಕೂತು ಉಳಿದವರ ಗುಲಗಂಜಿ ಎಣಿಸಿಕೊಡುತ್ತಿದ್ದ. ಒಂದು ಶನಿವಾರ ಹಿಂದಿನ ಅಡ್ಡರಸ್ತೆಯ ಹುಡುಗನ ಎಡಕ್ಕೆ ಪುಟ್ಟ ಕೂತಿದ್ದ. ಕಚ್ಚಿದ್ದರೆ ಮುಗಿಯುತ್ತಿತ್ತು, ಆ ಹುಡುಗ ಕಚ್ಚಲಿಲ್ಲ. ‘ಇರಲಿ ಪಾಪ’ ಎಂದ. ಪುಟ್ಟ ಉಸಿರು ತಿರುಗಿಸಿಕೊಂಡು ತನ್ನ ಎಡಕ್ಕಿದ್ದ ಮೇಲಿನ ಮನೆಯ ಹುಡುಗಿಯ ಮೇಲೆ ಬಿದ್ದು ಎರಡು ಸರದಿಯಲ್ಲಿ ಅವಳನ್ನು ಮುಗಿಸಿಬಿಟ್ಟ. ಮನೆಯೇ ಹಾರಿಹೋಗುವಂತೆ ಕೂಗಾಟ. ‘ಅವನು ಪುಟ್ಟನ್ನ ಬಿಟ್ಟಿದ್ದಕ್ಕೆ ಪುಟ್ಟ ನನ್ನ ತಿಂದ. ಒಬ್ಬರಿಗೆ ಪಾಪ ಅಂದ್ರೆ ಇನ್ನೊಬ್ಬರಿಗೆ ಮೋಸ, ಅಲ್ವಾ ಅಂಕಲ್?’ ಎಂದಳು ಆ ಹುಡುಗಿ ಕಣ್ಣಲ್ಲಿ ನೀರು ತುಂಬಿ. ಎಲ್ಲರಿಗಿಂತ ಗಟ್ಟಿಯಾಗಿ ಅವಳ ಪರ ವಾದಿಸಿದವನು ನನ್ನ ಮಗ. ‘ಬಿಡೋದೂ ಒಂಥರಾ ಮೋಸಾನೇ ಅಪ್ಪ. ಗೆಲ್ಲೋಕೆ ಆಡದಿದ್ರೆ ಆಟಾನೇ ಕೆಡುತ್ತೆ.’

ವಾದದಲ್ಲಿ ತಪ್ಪಿರಲಿಲ್ಲ. ಪಂದ್ಯಾವಳಿಗಳಲ್ಲೂ ಗೆಲ್ಲಲೆಂದೇ ಆಡಬೇಕೆಂಬ ಕಟ್ಟಳೆ ಇದೆ. ಅಂದು ರಾತ್ರಿಯೇ ಬರೆದೆ: ‘ಪ್ರತಿ ಆಟಗಾರರೂ ತಮ್ಮ ಎಡಗಡೆಯವರನ್ನು ಕಚ್ಚತಕ್ಕದ್ದು. ಕಚ್ಚಲು ಶಕ್ತರಿದ್ದೂ, ಕರುಣೆ, ಸ್ನೇಹ, ಬಂಧುತ್ವ ಅಥವಾ ಇತರೆ ಯಾವುದೇ ಕಾರಣದಿಂದ ಬಿಡತಕ್ಕದ್ದಲ್ಲ.’ ನನ್ನ ಜೀವಮಾನದ ಅತ್ಯಂತ ಅಸಂದಿಗ್ಧವಾದ ಸುತ್ತೋಲೆ. ಮಾರನೆಯ ವಾರ ಪುಟ್ಟ ಬರಲಿಲ್ಲ. ಹೋಮ್‌ವರ್ಕು ಎಂದು ಅವನಮ್ಮ ಹೇಳಿದರು. ಅದರ ಮುಂದಿನ ವಾರ ಬಂದ, ಮೊದಲು ಬರಿದಾದ, ಸೋಫಾದ ಕೈಯ ಮೇಲೆ ಕೂತ.

ಅವನು ಗುಲಗಂಜಿ ಎಣಿಸುವುದನ್ನು ನೋಡುತ್ತಿದ್ದಾಗ ನನಗೆ ಆ ಡಬ್ಬಿಯ ಒಡತಿ ನೆನಪಾದಳು. ಬೇಸಿಗೆ ರಜೆಯ ಮಧ್ಯಾಹ್ನ, ಪುತ್ತೂರಿನ ಜಗಲಿಯ ಕಪ್ಪು ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಅಜ್ಜಿ ಚೌಕಾಬಾರದ ಮನೆ ಬರೆಯುತ್ತಿದ್ದಳು. ಐದೈದು ಇಪ್ಪತ್ತೈದು ಮನೆ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಎಂಟು. ಆ ಆಟಕ್ಕೊಂದು ಕ್ರೂರವಾದ ಕಟ್ಟಳೆ ಇದೆ. ಬೇರೆಯವರ ಒಂದಾದರೂ ಕಾಯಿಯನ್ನು ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಅಣ್ಣಂದಿರು, ಅತ್ತೆಯ ಮಕ್ಕಳು ಎಲ್ಲ ಒಬ್ಬರನ್ನೊಬ್ಬರು ಹೊಡೆದು ಒಳಗೆ ನುಗ್ಗುತ್ತಿದ್ದರು. ನಾನೊಬ್ಬ, ಎಲ್ಲರಿಗೂ ಕಿರಿಯವನು, ಹೊರಸುತ್ತಿನಲ್ಲೇ ಸುತ್ತುತ್ತಾ ಸುತ್ತುತ್ತಾ ಅಳು ಬರುವ ಹಂತಕ್ಕೆ ಬರುತ್ತಿದ್ದೆ. ಸರಿಯಾಗಿ ಆಗ ಅಜ್ಜಿಯ ಬಳೆಚೂರು ಬಂದು ನನ್ನ ಕಾಯಿಯ ಮುಂದೆ, ಮೂರು ಮನೆಯಾಚೆ, ಒಂಟಿಯಾಗಿ ಕೂರುತ್ತಿತ್ತು. ನನಗೆ ಮೂರು ಬೀಳುತ್ತಿತ್ತು, ಇಲ್ಲವಾದರೆ ಅವಳು ಅಲ್ಲೇ ಇರುತ್ತಿದ್ದಳು, ಬೀಳುವ ತನಕ. ನಾನು ಹೊಡೆದು ಕುಣಿಯುತ್ತಿದ್ದೆ.

‘ಅಜ್ಜೀ, ನೀನು ಬೇಕಂತಲೇ ಇಟ್ಟೆ’ ಎಂದು ದೊಡ್ಡಣ್ಣ ಹಿಡಿದುಬಿಟ್ಟ ಒಂದು ದಿನ.

‘ಎಂತ ಮಾಡುದು ಮಗಾ, ಕಣ್ಣು ಕಾಣುದಿಲ್ಲ’ ಎಂದಳು. ಅದೇ ಕಣ್ಣಲ್ಲಿ ಬೆಳಿಗ್ಗೆ ಮೂರು ಸೇರು ಅಕ್ಕಿಯ ಕಲ್ಲು ಆರಿಸಿದ್ದಳು.

ಇಷ್ಟೆಲ್ಲ ನೆನಪಾದರೂ ಸುತ್ತೋಲೆ ಹಿಂತೆಗೆಯಲಿಲ್ಲ. ಹೊರಡಿಸಿದ್ದನ್ನು ಹಿಂತೆಗೆಯುವ ಅಭ್ಯಾಸ ನಮ್ಮ ಇಲಾಖೆಗೇ ಇರಲಿಲ್ಲ.

ಮಕ್ಕಳು ಪಿ.ಯು. ಮುಗಿಸಿದರು, ಇಂಜಿನಿಯರಿಂಗು ಸೇರಿದರು. ಶನಿವಾರಗಳು ತಿಂಗಳಿಗೆ ಒಂದಾದವು, ಆಮೇಲೆ ಹಬ್ಬಕ್ಕೊಂದು. ಪುಟ್ಟನ ಮನೆಯವರು ಬಾಡಿಗೆ ಮನೆ ಬಿಟ್ಟು ಕನಕಪುರ ರಸ್ತೆಯ ಕಡೆ ಫ್ಲಾಟಿಗೆ ಹೋದರು. 2017ರ ಜೂನಿನಲ್ಲಿ ನಮ್ಮ ಜೆ.ಪಿ. ನಗರಕ್ಕೆ ಮೆಟ್ರೊ ಬಂತು. ಇನ್ನು ಎಲ್ಲರೂ ಸುಲಭವಾಗಿ ಬಂದು ಸೇರಬಹುದು ಎಂದುಕೊಂಡೆ. ಹೋಗುವುದಕ್ಕೂ ಅದೇ ರೈಲು ಎಂಬುದು ಹೊಳೆಯಲಿಲ್ಲ. 2018ರಲ್ಲಿ, ಎಂಟು ವರ್ಷ ಮಲಗಿದ್ದ ಆ ಆಟ ಇನ್ನೊಂದು ಕಂಪನಿಯ ಕೈಯಲ್ಲಿ ಮತ್ತೊಮ್ಮೆ ಎದ್ದು ಕೂತಿತು, ಹೊಸ ಎಲೆಗಳು ಬರತೊಡಗಿದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮಗ ಎಂ.ಎಸ್. ಓದಲು ಜರ್ಮನಿಗೆ ಹೊರಟ.

ಹೊರಡುವ ರಾತ್ರಿ ಕೊನೆಯದೊಂದು ಆಟ ಎಂದು ಎಲ್ಲರನ್ನೂ ಕರೆದ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಒಯ್ಯುವ ಕ್ಯಾಬ್ ಬರುವುದು ರಾತ್ರಿ ಹನ್ನೆರಡಕ್ಕೆ. ಚಟ್ನಿಪುಡಿ, ಹಪ್ಪಳ, ಕುಕ್ಕರು ತುಂಬಿದ ಸೂಟ್‌ಕೇಸುಗಳನ್ನು ಮೂರು ಸಲ ತೂಗಿ ಬಾಗಿಲ ಬಳಿ ನಿಲ್ಲಿಸಿತ್ತು. ಮಗನೂ ಸೇರಿ ನಾಲ್ವರೇ ಆದರು, ಪುಟ್ಟನಿಗೆ ಪರೀಕ್ಷೆ. ಐದನೆಯವನಾಗಿ ನನ್ನನ್ನು ಕೂರಿಸಿದರು. ಏಳು ವರ್ಷ ತೀರ್ಪು ಕೊಟ್ಟವನು ಮೊದಲ ಸಲ ಎಲೆ ಹಿಡಿದೆ. ನನ್ನ ಬಲಗಡೆ ಮಗ, ಎಡಗಡೆ ಮೇಲಿನ ಮನೆಯ ಹುಡುಗಿ. ಅಂದರೆ ನಾನು ಮಗನ ಬೇಟೆ. ಎರಡು ಗಂಟೆಯ ಗಡುವು. ಗಡುವು ಮುಗಿದರೆ ಉಳಿದವರಿಗೆಲ್ಲ ತಲಾ ಅರ್ಧ ಅಂಕ.

ನಿಯಮ ತಿಳಿಯುವುದು ಬೇರೆ, ಆಡುವುದು ಬೇರೆ. ಹತ್ತೂಮುಕ್ಕಾಲಿಗೆ ನನ್ನ ಮುಂದೆ ಎರಡೇ ಗುಲಗಂಜಿ ಉಳಿದಿದ್ದವು. ನನ್ನ ಪಿಶಾಚಿಗಳೆಲ್ಲ ದಣಿದು ಅಡ್ಡಬಿದ್ದಿದ್ದರು, ತಡೆಯಲು ಒಬ್ಬನೂ ಇರಲಿಲ್ಲ. ಮಗನ ಸರದಿ. ಅವನ ಎದುರು ಎದ್ದು ನಿಂತ ಮೂವರು ಪಿಶಾಚಿಗಳು, ಕೈಯಲ್ಲಿ ಏಳು ಎಲೆ. ಅವನು ಎಲೆಗಳನ್ನು ನೋಡಿದ. ನನ್ನನ್ನಲ್ಲ, ಎಲೆಗಳನ್ನೇ ಬಹಳ ಹೊತ್ತು ನೋಡಿದ.

‘ಏನೂ ಬಂದಿಲ್ಲಪ್ಪ ಕೈಗೆ. ಪಾಸ್’ ಎಂದ.

ನಾನು ಬದುಕಿಕೊಂಡೆ. ಸಿಕ್ಕಿದ ಸರದಿಯಲ್ಲಿ ಹುಮ್ಮಸ್ಸಿನಿಂದ ನನ್ನ ಎಡಗಡೆಯ ಹುಡುಗಿಯನ್ನು ಕಚ್ಚಿದೆ. ಅವಳು ನನ್ನನ್ನು ನೋಡಲಿಲ್ಲ, ನನ್ನಾಚೆ ಕೂತ ಮಗನನ್ನು ನೋಡಿದಳು. ಆರು ವರ್ಷದ ಹಿಂದೆ ಇದೇ ಜಾಗದಲ್ಲಿ ಕಣ್ಣೀರು ತುಂಬಿ ದಾವೆ ಹೂಡಿದ್ದವಳು ಅಂದು ಒಂದು ಮಾತೂ ಆಡದೆ ತನ್ನ ಗುಲಗಂಜಿಗಳನ್ನು ಎಣಿಸಿ ನನ್ನ ಕೈಗೆ ಹಾಕಿದಳು. ಹನ್ನೊಂದಕ್ಕೆ ಗಡುವು ಮುಗಿಯಿತು. ನನಗೂ ಅರ್ಧ ಅಂಕ. ಕ್ಯಾಬು ಹೇಳಿದ್ದಕ್ಕಿಂತ ಮೊದಲೇ ಬಂದು ಹಾರ್ನು ಹೊಡೆಯಿತು, ಮೇಜು ಹಾಗೆಯೇ ಉಳಿಯಿತು.

ವಿಮಾನ ನಿಲ್ದಾಣದಿಂದ ಮರಳಿದಾಗ ಬೆಳಕು ಹರಿಯುತ್ತಿತ್ತು. ಹೆಂಡತಿ ಹಾಲು ಕಾಯಿಸಲು ಹೋದಳು. ನಾನು ಗುಲಗಂಜಿಗಳನ್ನು ಡಬ್ಬಿಗೆ ತುಂಬುತ್ತಾ ಮೇಜಿನ ಬಲಗಡೆಗೆ ಬಂದೆ. ಅವನು ಅವಸರದಲ್ಲಿ ಬೋರಲಿಟ್ಟು ಹೋದ ಏಳು ಎಲೆಗಳು ಅಲ್ಲೇ ಇದ್ದವು. ಇನ್ನೊಬ್ಬರ ಕೈಯನ್ನು ತೀರ್ಪುಗಾರ ಇಣುಕಿ ನೋಡುವಂತಿಲ್ಲ. ನೋಡಿದೆ. ಹೀರುವ ಬಲವನ್ನು ಹೆಚ್ಚಿಸುವ ಎಲೆ ಎರಡಿದ್ದವು.

ಈಗ ಅವನು ಸ್ಟುಟ್‌ಗಾರ್ಟಿನಲ್ಲಿ ಕೆಲಸದಲ್ಲಿದ್ದಾನೆ. ಭಾನುವಾರ ಮಧ್ಯಾಹ್ನ ಫೋನು. ಕಳೆದ ತಿಂಗಳು, ಅಲ್ಲಿ ಆಫೀಸಿನ ಕೆಲವರು ಅದೇ ಆಟ ಆಡುತ್ತಾರೆ, ತಾನೂ ಹೋಗಿದ್ದೆ ಎಂದ. ಹೊಸ ಎಲೆಗಳಂತೆ, ನಿಯಮಗಳೆಲ್ಲ ತಿದ್ದಿ ಸ್ಪಷ್ಟವಾಗಿವೆಯಂತೆ, ಯಾರನ್ನೂ ಏನೂ ಕೇಳಬೇಕಾಗಿಯೇ ಬರುವುದಿಲ್ಲವಂತೆ.

‘ಗೆದ್ದೆಯಾ?’ ಎಂದೆ.

‘ಇಲ್ಲ. ನನ್ನ ಬಲಗಡೆ ಇದ್ದವನು ಚೂರೂ ದಾಕ್ಷಿಣ್ಯ ಇಲ್ಲದೆ ತಿಂದುಬಿಟ್ಟ.’

‘ಸರಿಯಾಗೇ ಮಾಡಿದ. ಸುತ್ತೋಲೆ ಮೂರು ಏನು ಹೇಳುತ್ತೆ?’

ಆ ಕಡೆಯಿಂದ ಅವನು ನಕ್ಕದ್ದು ಕೇಳಿಸಿತು. ‘ಎಡಗಡೆಯವರನ್ನು ಕಚ್ಚತಕ್ಕದ್ದು’ ಎಂದ, ನನ್ನದೇ ದನಿಯಲ್ಲಿ.

ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಕೊನೆಗೆ ಅವನೇ ಕೇಳಿದ, ‘ಊಟ ಆಯ್ತಾ ಅಪ್ಪಾ?’